ಸಾಲದ ಹಗ್ಗ, ದುಡಿಮೆಯ ಗೂಟ

ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮ ಕಾಫಿ ತೋಟದ ಸಾಲ ತೀರಿಸಲು ತನ್ನ ಇಬ್ಬರು ಗಂಡುಮಕ್ಕಳನ್ನು ಘಟ್ಟಕ್ಕೆ ಕಳುಹಿಸುತ್ತಾನೆ. ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬ ಮನೆಗೆ ಮರಳುವುದಿಲ್ಲ. ಸಾಲ ಮಾತ್ರ ಉಳಿಯುತ್ತದೆ. ಅಡವಿಡಲು ಭೂಮಿಯೂ ಚಿನ್ನವೂ ಇಲ್ಲದವನಿಗೆ ಮೈದುಡಿಮೆಯೇ ಅಡವು. ಹೀಗಾಗಿ ನಮ್ಮಲ್ಲಿ ಸಾಲದ ಕಾನೂನು ಮತ್ತು ಕೂಲಿಯ ಕಾನೂನು ಒಂದನ್ನೊಂದು ಬಿಟ್ಟು ಬೆಳೆದವಲ್ಲ.

ಬ್ರಿಟಿಷ್ ಸರ್ಕಾರ 1859ರಲ್ಲಿ ಕೆಲಸಗಾರರ ಕರಾರುಭಂಗ ಕಾಯ್ದೆಯನ್ನು ತಂದಿತು. ಮುಂಗಡ ಪಡೆದ ಆಳು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಿತ್ತು. ಹಣ ಹಿಂದಿರುಗಿಸಬೇಕು, ಇಲ್ಲವೇ ದುಡಿದು ತೀರಿಸಬೇಕು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾತಿಗೆ ತಪ್ಪಿದ ಮಾಲೀಕನಿಗೆ ಇಂತಹ ಸಜೆ ಇರಲಿಲ್ಲ. ಕಾಫಿ, ಚಹಾ ತೋಟಗಳವರಿಗೆ ವರವಾದ ಈ ಕಾಯ್ದೆಯನ್ನು ರದ್ದುಪಡಿಸುವ ಶಾಸನ ಬಂದದ್ದು 1925ರಲ್ಲಿ.

ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದರೂ ಹಳ್ಳಿಗಳಲ್ಲಿ ಜೀತ ಮುಂದುವರಿಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ಇದು ತಕ್ಕಡಿಯನ್ನು ತಿರುಗಿಸಿತು. ಜೀತದ ಸಾಲ ಮನ್ನಾ ಆಯಿತು. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನ ಮೇಲೆ ಬಿತ್ತು. ಆಳಿಗೆ ಮೂರು ತಿಂಗಳ ಸಜೆ ಇದ್ದ ನಾಡಿನಲ್ಲಿ ಈಗ ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸಜೆ! ಅದೇ ಕಾಲದಲ್ಲಿ ದೇವರಾಜ ಅರಸು ಅವರ ಸರ್ಕಾರ ಋಣ ಪರಿಹಾರ ಕಾಯ್ದೆಯನ್ನು ತಂದು ಸಣ್ಣ ರೈತರ, ಭೂಹೀನ ಕೂಲಿಗಳ ಸಾಲವನ್ನು ತೊಡೆದುಹಾಕಿತು.

ಆದರೆ ಹಳೆಯ ಸಾಲ ಹರಿದರೂ ಹೊಸ ಸಾಲದ ಅಗತ್ಯ ಹರಿಯಲಿಲ್ಲ. ಕಾಯಿಲೆ, ಮದುವೆ, ಬಿತ್ತನೆಗೆ ಹಣ ಬೇಕೇ ಬೇಕು, ಕೂಲಿ ಸಾಲದು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಹೇಳಿತು. ಗಂಟಿನ ನಿಜವಾದ ಜಾಗ ಅದೇ ಆಗಿತ್ತು.

ಇತ್ತೀಚೆಗೆ ಧಣಿಯ ಜಾಗಕ್ಕೆ ವಾರದ ಕಂತಿನ ವಸೂಲಿಗಾರ ಬಂದ. ಕಿರುಸಾಲದ ಕಿರುಕುಳದಿಂದ ಜನ ಊರು ಬಿಟ್ಟ ಸುದ್ದಿಗಳ ನಡುವೆ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಬಳಿಕ ಅದನ್ನು ಕಾಯ್ದೆಯಾಗಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಪರವಾನಗಿಯಿಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮನ್ನಾ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳು ಮಾತ್ರ ಇದರ ಹೊರಗಿವೆ.

ಬಾಗಿಲು ಬಡಿಯುವವನನ್ನು ಕಾನೂನು ತಡೆಯಬಲ್ಲದು. ಆದರೆ ಮುಂದಿನ ವಾರ ಅದೇ ಮನೆಯವರು ಇನ್ನೊಬ್ಬನ ಬಾಗಿಲು ಬಡಿಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಅವರ ಕೈಗೆ ಬರುವ ಕೂಲಿ.