ಮದುವೆಯ ಸಿ.ಡಿ.: ಟಿ.ವಿ.ಯಿಂದ ಕಂಪ್ಯೂಟರಿಗೆ

ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರೀಕರಣವನ್ನೇ ಜೀವನೋಪಾಯ ಮಾಡಿಕೊಂಡಿದ್ದ ಕರ್ನಾಟಕದ ಸ್ಟುಡಿಯೊಗಳಲ್ಲಿ 2000ದ ಆಸುಪಾಸಿನಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟಿನ ಜಾಗಕ್ಕೆ ಸಿ.ಡಿ. ಬರತೊಡಗಿತು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು, ನಕಲಿನಿಂದ ನಕಲಿಗೆ ಚಿತ್ರ ಮಸುಕಾಗುತ್ತಿತ್ತು, ಸಿ.ಡಿ.ಯ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆಂಬ ಭರವಸೆ ಜನರನ್ನು ಸೆಳೆಯಿತು. ಅದೇ ವರ್ಷಗಳಲ್ಲಿ ಮನೆಗಳಿಗೆ ಕಂಪ್ಯೂಟರೂ ಬಂದಿತು, ಟಿ.ವಿ.ಯಲ್ಲಿ ಸಮಾಧಾನಕರವಾಗಿ ಕಂಡ ಸಿ.ಡಿ. ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ಒಡೆಯುತ್ತದೆ, ನಡುವೆ ನಿಂತುಬಿಡುತ್ತದೆ ಎಂಬ ದೂರುಗಳೂ ಜೊತೆಗೇ ಹುಟ್ಟಿಕೊಂಡವು. ದೂರಿನ ಹೊಣೆ ಸಾಮಾನ್ಯವಾಗಿ ಸ್ಟುಡಿಯೊದವರ ಮೇಲೆಯೇ ಬೀಳುತ್ತಿದ್ದರೂ, ಅದರ ಬೇರು ಬಹುಪಾಲು ಅವರ ಕೈಮೀರಿದ, ಅವರು ಕ್ಯಾಮೆರಾವನ್ನು ಹೆಗಲಿಗೇರಿಸುವ ಮೊದಲೇ ತೀರ್ಮಾನವಾಗಿದ್ದ ಕೆಲವು ಅಳತೆಗಳಲ್ಲಿತ್ತು.

ಆ ಅಳತೆಗಳನ್ನು ಗೊತ್ತುಮಾಡಿದ್ದು ಫಿಲಿಪ್ಸ್, ಸೋನಿ, ಮತ್ಸುಶಿತ ಮತ್ತು ಜೆ.ವಿ.ಸಿ. ಕಂಪನಿಗಳು 1993ರಲ್ಲಿ ಒಪ್ಪಿಕೊಂಡ, ‘ಬಿಳಿ ಪುಸ್ತಕ’ವೆಂದು ಹೆಸರಾದ ವಿಡಿಯೊ ಸಿ.ಡಿ. ನಿಯಮಾವಳಿ. ಹಾಡಿಗೆಂದು ರೂಪುಗೊಂಡಿದ್ದ ಸಿ.ಡಿ.ಯಲ್ಲಿ, ಹಾಡು ನುಡಿಸುವ ವೇಗದಲ್ಲೇ 74 ನಿಮಿಷಗಳ ಚಲಿಸುವ ಚಿತ್ರವನ್ನು ಹಿಡಿಸಬೇಕೆಂಬುದು ಅದರ ಗುರಿಯಾದ್ದರಿಂದ, ಚಿತ್ರಕ್ಕೆ ಸೆಕೆಂಡಿಗೆ 1,150 ಕಿಲೋಬಿಟ್‌ಗಳಷ್ಟು ಮಾತ್ರ ದಕ್ಕಿತು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊ ಸಿ.ಡಿ.ಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಬಿಂದುಗಳದ್ದು. ಸೆಕೆಂಡಿಗೆ 25 ಚಿತ್ರಗಳಂತೆ ಲೆಕ್ಕ ಹಾಕಿದರೆ ಮೂಲದ ಮಾಹಿತಿಯನ್ನು ಎಂಪೆಗ್-1 ಎಂಬ ಸಂಕೋಚನ ವಿಧಾನದಿಂದ ಸುಮಾರು 26ರಲ್ಲಿ ಒಂದು ಪಾಲಿಗೆ ಇಳಿಸಬೇಕಾಗಿತ್ತು. ಮನೆಯ ಟಿ.ವಿ. ಅಂಚುಗಳನ್ನು ತಾನಾಗಿಯೇ ಮೆದುಗೊಳಿಸುತ್ತಿದ್ದುದರಿಂದ ಈ ಕೊರತೆ ಅಲ್ಲಿ ಮರೆಯಾಗುತ್ತಿತ್ತು. 1024 ಅಡ್ಡ, 768 ಉದ್ದದ ಬಿಂದುಗಳುಳ್ಳ ಕಂಪ್ಯೂಟರ್ ಪರದೆಯ ತುಂಬ ಅದೇ ಚಿತ್ರವನ್ನು ಹಿಗ್ಗಿಸಿ, ಹತ್ತಿರ ಕುಳಿತು ನೋಡಿದಾಗ ಏನೂ ಅಡಗುತ್ತಿರಲಿಲ್ಲ.

ಎಂಪೆಗ್ ವಿಧಾನ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆಯದೆ, ಅದನ್ನು 16 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಹಿಂದಿನ ಚಿತ್ರದ ಯಾವ ಚೌಕ ಎಲ್ಲಿಗೆ ಸರಿಯಿತೆಂಬುದನ್ನೂ ಉಳಿದ ವ್ಯತ್ಯಾಸವನ್ನೂ ದಾಖಲಿಸುತ್ತದೆ. ನಿಶ್ಚಲವಾಗಿ ನಿಂತ ಬಂಧುಗಳ ಸಾಲಿಗೆ ಇದು ಧಾರಾಳವಾಗಿ ಸಾಕು. ಆದರೆ ಧಾರೆಯ ಮುಹೂರ್ತದಲ್ಲಿ ಎಲ್ಲ ದಿಕ್ಕಿನಿಂದ ಅಕ್ಷತೆ ಬೀಳುತ್ತದೆ, ಸ್ಥಿರಚಿತ್ರ ತೆಗೆಯುವವರ ಫ್ಲ್ಯಾಶ್ ಇಡೀ ದೃಶ್ಯವನ್ನು ಬೆಳ್ಳಗಾಗಿಸುತ್ತದೆ, ಜರಿಯ ಅಂಚು ಮಿನುಗುತ್ತದೆ. ಆಗ ಹಿಂದಿನ ಚಿತ್ರದಿಂದ ಊಹಿಸಬಹುದಾದದ್ದು ಅಷ್ಟಾಗಿ ಉಳಿಯದೆ, ಗೊತ್ತುಪಡಿಸಿದ ಬಿಟ್‌ಗಳು ಸಾಲದೆ, ಚೌಕಗಳು ಬರಿಗಣ್ಣಿಗೆ ಕಾಣುವಂತೆ ಎದ್ದುಬಿಡುತ್ತವೆ. ಒಂದು ಕುಟುಂಬ ಎಲ್ಲಕ್ಕಿಂತ ಮಿಗಿಲಾಗಿ ಉಳಿಸಿಕೊಳ್ಳಬಯಸಿದ ಗಳಿಗೆಯೇ ಈ ತಂತ್ರಜ್ಞಾನ ಅತ್ಯಂತ ಕೆಟ್ಟದಾಗಿ ದಾಖಲಿಸುವ ಗಳಿಗೆಯೂ ಆಗಿತ್ತೆಂಬುದು ಈ ಮಾಧ್ಯಮದ ಚರಿತ್ರೆಯಲ್ಲಿ ನಿಜಕ್ಕೂ ನೋವಿನ ಸಂಗತಿ. ಹಳೆಯ ಕ್ಯಾಸೆಟ್ಟಿನಿಂದ ಸಿ.ಡಿ. ಮಾಡಿಸಿದಲ್ಲಿ ಟೇಪಿನ ಕಾಳುಕಾಳಾದ ಗದ್ದಲವೂ ಚಲನೆಯೆಂದೇ ಎಣಿಕೆಯಾಗಿ, ಇದ್ದ ಅಲ್ಪ ಬಿಟ್‌ಗಳನ್ನೂ ನುಂಗುತ್ತಿತ್ತು.

ಚಿತ್ರ ನಡುವೆ ನಿಲ್ಲುವುದಕ್ಕೆ ಕಾರಣ ಬೇರೆ. ಸಿ.ಡಿ.ಯ ಒಂದು ಖಂಡದಲ್ಲಿ ಸಾಮಾನ್ಯ ಕಡತಗಳಿಗೆ 2,048 ಬೈಟ್‌ಗಳ ಜಾಗವಿದ್ದು, ಉಳಿದದ್ದರಲ್ಲಿ ದೋಷ ತಿದ್ದುವ ಹೆಚ್ಚುವರಿ ಮಾಹಿತಿ ಇರುತ್ತದೆ, ವಿಡಿಯೊ ಸಿ.ಡಿ.ಯ ಚಿತ್ರಭಾಗದಲ್ಲಿ ಆ ರಕ್ಷಣೆಯನ್ನು ಬಿಟ್ಟುಕೊಟ್ಟು 2,324 ಬೈಟ್‌ಗಳನ್ನು ತುಂಬಲಾಯಿತು. ಗೀರು ಬಿದ್ದ ಕಡೆ ಟಿ.ವಿ.ಗೆ ಜೋಡಿಸಿದ ಪ್ಲೇಯರ್ ಕೆಟ್ಟ ತುಣುಕನ್ನು ದಾಟಿ ಮುಂದುವರಿಯಬಲ್ಲುದಾದರೆ, ಪ್ರತಿ ಬೈಟ್ ಸರಿಯಿರಬೇಕೆಂದು ಬಯಸುವ ಕಂಪ್ಯೂಟರ್ ಮತ್ತೆಮತ್ತೆ ಓದಲು ಯತ್ನಿಸಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ವಿಂಡೋಸ್ ಎಕ್ಸ್‌ಪಿ.ಯಂತಹ ವ್ಯವಸ್ಥೆಗಳು ಇಂಥ ದೋಷಗಳು ಪದೇಪದೇ ಎದುರಾದರೆ ಡ್ರೈವ್‌ನ ವೇಗವನ್ನು ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಿ, ಕಡೆಗೆ ಪ್ರತಿ ತುಣುಕನ್ನೂ ಪ್ರೊಸೆಸರ್ ತಾನೇ ಹೊತ್ತು ತರಬೇಕಾದ ‘ಪಿ.ಐ.ಒ.’ ಎಂಬ ನಿಧಾನ ಕ್ರಮಕ್ಕೆ ಇಳಿಸುತ್ತಿದ್ದವು. ಹೀಗಾಗಿ ಒಂದು ಕೆಟ್ಟ ಸಿ.ಡಿ. ಹಾಕಿ ತೆಗೆದ ಮೇಲೆ ಒಳ್ಳೆಯ ಸಿ.ಡಿ.ಯೂ ತಡವರಿಸುವುದಿತ್ತು.

ಮೂರು ಗಂಟೆಯ ಮದುವೆಗೆ ಮೂರು ಸಿ.ಡಿ. ಬೇಕಾಗುತ್ತಿದ್ದ ಕಾಲವನ್ನು 4.7 ಗಿಗಾಬೈಟ್‌ನ ಡಿ.ವಿ.ಡಿ. ಮುಗಿಸಿತಾದರೂ, ಅದು ಬೇರೊಂದು ತೊಡಕನ್ನು ತಂದಿತು. ಪಾಲ್ ಟಿ.ವಿ. ಒಂದು ಚಿತ್ರವನ್ನು ಬೆಸ ಗೆರೆಗಳ ಮತ್ತು ಸಮ ಗೆರೆಗಳ ಎರಡು ಅರ್ಧಗಳಾಗಿ, ಸೆಕೆಂಡಿಗೆ 50 ಅರ್ಧಗಳಂತೆ ತೋರಿಸುತ್ತದೆ. ವಿಡಿಯೊ ಸಿ.ಡಿ. ತಯಾರಿಸುವಾಗ ಒಂದು ಅರ್ಧವನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತಿತ್ತು, ಡಿ.ವಿ.ಡಿ. ಎರಡನ್ನೂ ಉಳಿಸಿಕೊಂಡಿತು. ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುವ ಕಂಪ್ಯೂಟರ್ ಪರದೆಯ ಮೇಲೆ, ಬೇರೆಬೇರೆ ಕ್ಷಣಗಳ ಈ ಅರ್ಧಗಳು ಹೆಣೆದುಕೊಂಡು, ಹಾರ ಬದಲಿಸುವ ಕೈಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಕಾಣಿಸಿದವು. ಡಿಜಿಟಲ್ ಕ್ಯಾಮೆರಾದ ಡಿ.ವಿ. ಟೇಪಿನಲ್ಲಿ ಸಮ ಗೆರೆಗಳ ಅರ್ಧ ಮೊದಲು ಬರುತ್ತಿದ್ದು, ‘ಮಿಕ್ಸಿಂಗ್’ ಎಂದು ಕರೆಯಲಾಗುತ್ತಿದ್ದ ಸಂಕಲನದಲ್ಲಿ ಆ ಕ್ರಮ ಅದಲುಬದಲಾದರೆ, ಚಲನೆಯೇ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡುಗುತ್ತಿತ್ತು. ಮೊದಲನೆಯ ದೋಷವನ್ನು ವಿ.ಎಲ್.ಸಿ. ಮುಂತಾದ ಪ್ಲೇಯರ್‌ಗಳಲ್ಲಿ ಗೆರೆಗಳನ್ನು ಬೇರ್ಪಡಿಸುವ ಆಯ್ಕೆಯಿಂದ ಮರೆಮಾಚಬಹುದು. ಎರಡನೆಯದಕ್ಕೆ ಮೂಲ ಟೇಪಿನಿಂದ ಮತ್ತೆ ತಯಾರಿಸುವುದೇ ಖಚಿತವಾದ ಪರಿಹಾರವಾಗಿದ್ದು, ಟೇಪುಗಳನ್ನು ಅಳಿಸಿ ಮರುಬಳಸುತ್ತಿದ್ದ ಕಡೆ ಆ ದಾರಿಯೂ ಮುಚ್ಚಿಹೋಗಿತ್ತು.

ಡಿಸ್ಕ್ ಡ್ರೈವ್ ಇಲ್ಲದ ಲ್ಯಾಪ್‌ಟಾಪುಗಳೇ ಸಾಮಾನ್ಯವಾದ ಮೇಲೆ ಈ ಡಿಸ್ಕ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವ ಕೆಲಸ ಅದೇ ಸ್ಟುಡಿಯೊಗಳಿಗೆ ಮರಳಿ ಬಂದಿದೆ. ಅಲ್ಲಿ ಎಂಪೆಗ್ ಕಡತವನ್ನು ಹೊಸ ನಮೂನೆಗೆ ಪರಿವರ್ತಿಸುವಾಗ ಹಳೆಯ ಚೌಕಗಳ ಮೇಲೆ ಎರಡನೆಯ ಸಂಕೋಚನದ ನಷ್ಟವೂ ಕೂಡಿಕೊಳ್ಳುತ್ತದೆ. ಆದುದರಿಂದ ಡಿಸ್ಕ್‌ನಲ್ಲಿದ್ದ ಕಡತವನ್ನು ಇದ್ದಂತೆಯೇ ಮೊದಲು ನಕಲಿಸಿಟ್ಟುಕೊಂಡು, ಪರಿವರ್ತನೆಯನ್ನು ಆ ನಕಲಿನ ಮೇಲೆ ಮಾತ್ರ ನಡೆಸುವುದು ಸರಿಯಾದ ಕ್ರಮ.