ಬಿಸಿಲಿನ ಗಾಡಿ: ರೇವಾದಿಂದ ಆದಿತ್ಯದವರೆಗೆ

ಕೊಚ್ಚಿ ಕಡೆ ಹೋದಾಗ ಎರ್ನಾಕುಲಂನ ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ಹೋಗುವ ವಾಟರ್ ಮೆಟ್ರೋ ದೋಣಿ ಹತ್ತಿ ನೋಡಿ. ಬಲಗಡೆ ವಲ್ಲಾರ್ಪಾಡಂ ದ್ವೀಪ. ಅಲ್ಲಿ 2011ರಲ್ಲಿ ಶುರುವಾದ ಕಂಟೇನರ್ ಟರ್ಮಿನಲ್ಲಿನ ದೈತ್ಯ ಕ್ರೇನುಗಳು. 2004ರಲ್ಲಿ ಗೋಶ್ರೀ ಸೇತುವೆಗಳು ಆಗುವವರೆಗೂ ಈ ದ್ವೀಪದವರಿಗೆ ನಗರಕ್ಕೆ ಬರಲು ದೋಣಿಯೇ ಗತಿಯಾಗಿತ್ತು. ಡೀಸೆಲ್ ಹೊಗೆ ಕುಡಿದುಕೊಂಡು, ಎಂಜಿನ್ನಿನ ಸದ್ದು ಕೇಳಿಕೊಂಡು ಬರಬೇಕಿತ್ತು. ಈಗಿನ ಬ್ಯಾಟರಿ ದೋಣಿಯಲ್ಲಿ ಪಕ್ಕದವರ ಪಿಸುಮಾತೂ ಕೇಳಿಸುತ್ತದೆ!

ಇದು ಉದ್ಘಾಟನೆಯಾದದ್ದು 2023ರ ಏಪ್ರಿಲ್ 25ರಂದು. ಅಂದ ಹಾಗೆ, ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ತೋರಿಸಿದ್ದೂ ಏಪ್ರಿಲ್ 25ರಂದೇ, 1954ರಲ್ಲಿ. ಬರೀ ಕಾಕತಾಳೀಯ, ಬಿಡಿ. ಏಕೆಂದರೆ ವಾಟರ್ ಮೆಟ್ರೋ ಬಿಸಿಲಿನಿಂದ ಓಡುವ ದೋಣಿಯಲ್ಲ. ದಡದಲ್ಲಿ ನಿಂತು ಚಾರ್ಜ್ ಮಾಡಿಕೊಳ್ಳುತ್ತದೆ. ಆ ಕರೆಂಟು ಎಲ್ಲಿಂದ ಬಂತು? ಎಲೆಕ್ಟ್ರಿಕ್ ಕಾರೋ ಸ್ಕೂಟರೋ ಕೊಳ್ಳಬೇಕೆಂದು ಲೆಕ್ಕ ಹಾಕುತ್ತಿರುವ ನಿಮಗೂ ಈ ಪ್ರಶ್ನೆ ಬಂದೇ ಬರುತ್ತದೆ. ದೂರದಲ್ಲೆಲ್ಲೋ ಕಲ್ಲಿದ್ದಲು ಉರಿಸಿ, ಇಲ್ಲಿ ಹೊಗೆಯಿಲ್ಲದ ಗಾಡಿ ಓಡಿಸಿದರೆ ಅರ್ಧ ಕೆಲಸ ಆದಂತೆ.

ಬಿಸಿಲಿಗೂ ಗಾಡಿಗೂ ಗಂಟು ಹಾಕುವ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ. 1990ರಲ್ಲಿ ಅಮೆರಿಕದಲ್ಲಿ ಸೌರಕಾರುಗಳ ದೊಡ್ಡ ಸ್ಪರ್ಧೆ ನಡೆಯಿತು. ಫ್ಲಾರಿಡಾದಿಂದ ಮಿಷಿಗನ್‌ವರೆಗೆ ಓಟ. ಗೆದ್ದದ್ದು ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ‘ಸನ್‌ರನ್ನರ್’. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ಗೆ ಸುಮಾರು 3,000 ಕಿ.ಮೀ. ಓಡಿ ಮೂರನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ. ಹೆಸರು ಚೇತನ್ ಮೈನಿ. ಮುಂದೆ 2001ರಲ್ಲಿ ಬೆಂಗಳೂರಿನ ರಸ್ತೆಗೆ ‘ರೇವಾ’ ಕಾರು ಇಳಿಸಿದ್ದು ಇವರೇ. ಪುಟ್ಟ ಪೆಟ್ಟಿಗೆಯಂಥ ಆ ಕಾರನ್ನು ಸಿಗ್ನಲ್ಲಿನಲ್ಲಿ ನೋಡಿ ನಕ್ಕವರು ನಿಮ್ಮಲ್ಲೂ ಇರಬಹುದು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅದು ಮಾರಾಟವಾಯಿತು. 2010ರಲ್ಲಿ ಕಂಪನಿ ಮಹೀಂದ್ರ ಕೈಸೇರಿತು.

ಇಲ್ಲೊಂದು ವಿಷಯ ಗಮನಿಸಿ. ಸೌರಕಾರಿನಲ್ಲಿ ಪಳಗಿದವರು ಕಟ್ಟಿದ ರೇವಾದ ತಲೆಯ ಮೇಲೆ ಸೌರಫಲಕವೇ ಇರಲಿಲ್ಲ! ಮರೆತದ್ದಲ್ಲ, ಲೆಕ್ಕವೇ ಹಾಗಿದೆ. ಇವತ್ತಿನ ಒಳ್ಳೆಯ ಫಲಕವನ್ನೇ ಕಾರಿನ ಮಾಡಿಗೆ ಹೊದಿಸಿದರೂ ಅರ್ಧ ಕಿಲೋವ್ಯಾಟ್ ಸಿಕ್ಕರೆ ಪುಣ್ಯ. ದಿನವಿಡೀ ಬಿಸಿಲಿಗೆ ನಿಲ್ಲಿಸಿದರೆ ಸುಮಾರು 2 ಯೂನಿಟ್, ಅಂದರೆ ಹನ್ನೆರಡೋ ಹದಿನಾಲ್ಕೋ ಕಿ.ಮೀ. ಅದೇ ಮನೆಯ ತಾರಸಿಯ ಮೇಲೆ 3 ಕಿಲೋವ್ಯಾಟ್ ಹಾಕಿಸಿದರೆ ದಿನಕ್ಕೆ ಸರಾಸರಿ 12 ಯೂನಿಟ್. ಮನೆಯ ಖರ್ಚು ಕಳೆದು ಊರೊಳಗಿನ ಓಡಾಟಕ್ಕೂ ಉಳಿದೀತು.

ಕಾರಿಗೆ ಸಾಲದ ಮಾಡು ದೋಣಿಗೆ ಸಾಕಾಯಿತು. 2017ರ ಜನವರಿಯಲ್ಲಿ ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ ‘ಆದಿತ್ಯ’ ನೀರಿಗಿಳಿಯಿತು. ಭಾರತದ ಮೊದಲ ಸೌರ ಪ್ರಯಾಣಿಕ ದೋಣಿ ಇದು. ಕಟ್ಟಿದ್ದು ಕೊಚ್ಚಿಯ ನವಾಲ್ಟ್ ಕಂಪನಿ, ಓಡಿಸಿದ್ದು ರಾಜ್ಯ ಜಲಸಾರಿಗೆ ಇಲಾಖೆ. 75 ಜನ ಕೂರಬಹುದು. ಮಾಡಿನ ಮೇಲೆ 20 ಕಿಲೋವ್ಯಾಟ್ ಫಲಕ, ಒಳಗೆ 50 ಯೂನಿಟ್ ಹಿಡಿಯುವ ಬ್ಯಾಟರಿ. ಗಾಡಿಯ ವೇಗ ಕಡಿಮೆ, ದಾರಿ ಚಿಕ್ಕದು, ಮಾಡು ವಿಶಾಲ, ಓಡಾಟ ಹಗಲು ಹೊತ್ತಿನಲ್ಲಿ. ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗುತ್ತದೆ ಹೇಳಿ? 2020ರಲ್ಲಿ ಆದಿತ್ಯಕ್ಕೆ ಗುಸ್ತಾವ್ ತ್ರೂವೆ ಪ್ರಶಸ್ತಿ ಬಂತು. 1881ರಲ್ಲೇ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿದ ಫ್ರೆಂಚ್ ಮಹಾಶಯನ ಹೆಸರಿನ ಪ್ರಶಸ್ತಿ ಅದು.

ನಮ್ಮ ಕಾರುಗಳ ತೊಂದರೆ ಬೇರೆ. ಬಿಸಿಲಿರುವಾಗ ಅವು ಆಫೀಸಿನಲ್ಲಿ, ಮನೆಗೆ ಬರುವಾಗ ಸೂರ್ಯ ಮುಳುಗಿರುತ್ತಾನೆ. ಇದಕ್ಕೆ ದಾರಿ ತೋರಿಸಿದ್ದು ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ. 2013ರಲ್ಲಿ ಮಾಡಿನ ಮೇಲೆ 100 ಕಿಲೋವ್ಯಾಟ್‌ನಿಂದ ಶುರು ಮಾಡಿ, 2015ರ ಆಗಸ್ಟ್ 18ರಂದು 45 ಎಕರೆಯಲ್ಲಿ 12 ಮೆಗಾವ್ಯಾಟ್ ಸ್ಥಾವರ ತೆರೆದು, ಪೂರ್ತಿ ಸೌರಶಕ್ತಿಯ ಮೊದಲ ವಿಮಾನ ನಿಲ್ದಾಣ ಎನಿಸಿಕೊಂಡಿತು. ಫಲಕಗಳ ಸಾಲಿನ ನಡುವೆ ತರಕಾರಿಯನ್ನೂ ಬೆಳೆದರು. ರಾತ್ರಿ ವಿಮಾನ ಇಳಿಯುವುದು ಹೇಗೆ ಅಂತೀರಾ? ಹಗಲು ಹೆಚ್ಚಾದದ್ದನ್ನು ವಿದ್ಯುತ್ ಮಂಡಳಿಯ ಜಾಲಕ್ಕೆ ಕೊಟ್ಟು, ರಾತ್ರಿ ವಾಪಸು ಪಡೆಯುವುದು. ಬ್ಯಾಂಕಿನಲ್ಲಿ ದುಡ್ಡಿಟ್ಟ ಹಾಗೆ. ತಾರಸಿಯ ಮೇಲೆ ಫಲಕ ಹಾಕಿಸಿದವರ ನೆಟ್ ಮೀಟರಿಂಗ್ ಲೆಕ್ಕವೂ ಇದೇ.

ಆದರೆ ಎಲ್ಲರೂ ಸಂಜೆ ಏಳಕ್ಕೇ ದುಡ್ಡು ಬಿಡಿಸಲು ನಿಂತರೆ ಬ್ಯಾಂಕು ಏನು ಮಾಡೀತು? 2024ರ ಬೇಸಿಗೆಯಲ್ಲಿ ಕೇರಳದಲ್ಲಿ ಆದದ್ದು ಇದೇ. ಬಿಸಿಲು ಹೊತ್ತಿನ ಕರೆಂಟು ಸಂಜೆಗೆ ಉಳಿಯುವುದಿಲ್ಲ. ಏಸಿ, ದೀಪ, ಕಾರು ಎಲ್ಲ ಒಟ್ಟಿಗೇ ಬೇಡುತ್ತವೆ. ಸಂಜೆಯ ಹೊತ್ತು ವಾಹನ ಚಾರ್ಜ್ ಮಾಡಬೇಡಿ ಎಂದು ತಿರುವನಂತಪುರದ ವಿದ್ಯುತ್ ಮಂಡಳಿ ಜನರನ್ನು ಕೇಳಿಕೊಳ್ಳಬೇಕಾಯಿತು.

ಇನ್ನೊಂದು ಮಾತು. ಈ ಅಂಕಣ ಓದುವವರಲ್ಲಿ ಬಹುಪಾಲು ಫ್ಲ್ಯಾಟ್ ವಾಸಿಗಳು. ತಾರಸಿ ಎಲ್ಲರದು, ಪಾರ್ಕಿಂಗ್ ಕೆಳಗೆಲ್ಲೋ ನೆಲಮಾಳಿಗೆಯಲ್ಲಿ. ಸ್ವಂತ ಮನೆಯವನಿಗೆ ಸಿಗುವ ಬಿಸಿಲು ನಿಮಗೆ ಸಿಗಬೇಕಾದರೆ ಅಸೋಸಿಯೇಷನ್ ಸಭೆಯಲ್ಲಿ ಬಾಯಿ ಬಿಡಲೇಬೇಕು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸ್ವಂತ ಮನೆಗೆ 78,000 ರೂಪಾಯಿವರೆಗೆ ಸಹಾಯಧನ ಇಟ್ಟಿದ್ದನ್ನು ಎಲ್ಲರೂ ಕೇಳಿದ್ದೀರಿ. ವಸತಿ ಸಂಘಗಳ ಸಾಮಾನ್ಯ ಬಳಕೆಗೆ, ವಾಹನ ಚಾರ್ಜಿಂಗೂ ಸೇರಿದಂತೆ, ಕಿಲೋವ್ಯಾಟಿಗೆ 18,000 ರೂಪಾಯಿಯನ್ನು ಅದೇ ಯೋಜನೆಯಲ್ಲಿ ಇಟ್ಟಿದ್ದಾರೆ. ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಇದನ್ನೂ ಎತ್ತಿ ನೋಡಿ.