ಪೆಟ್ ಸ್ಕ್ಯಾನ್ ಮತ್ತು 110 ನಿಮಿಷದ ಲೆಕ್ಕ

ಇವತ್ತಿನ ಮಾತು ಪೆಟ್ ಸ್ಕ್ಯಾನ್ ಚರಿತ್ರೆ ಬಗ್ಗೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕಡೆಯ ನಮ್ಮವರ ಮನೆಗಳಲ್ಲಿ ಯಾರಿಗಾದ್ರೂ ಕ್ಯಾನ್ಸರ್ ಅಂತಾದ್ರೆ ಈ ಹೆಸರು ಬಂದೇ ಬರುತ್ತೆ. ಸೆಂಟರ್‌ನವರು ಹೇಳ್ತಾರೆ: ಆರು ಗಂಟೆ ಏನೂ ತಿನ್ಬೇಡಿ, ಲೇಟ್ ಮಾಡ್ಬೇಡಿ, ಇಂಜೆಕ್ಷನ್ ಆದ್ಮೇಲೆ ಸುಮ್ನೆ ಮಲಗಿರಿ. ಯಾಕೆ ಅಂತ ವಿವರಿಸೋಕೆ ಅವರಿಗೂ ಪುರುಸೊತ್ತಿರಲ್ಲ. ಆ ‘ಯಾಕೆ’ಗೆ ಉತ್ತರ ಈ ಚರಿತ್ರೆಯಲ್ಲಿದೆ.

1920ರ ದಶಕದಲ್ಲಿ ಜರ್ಮನಿಯ ಓಟೋ ವಾರ್‌ಬರ್ಗ್ ಒಂದು ವಿಷಯ ಗಮನಿಸಿದರು. ಕ್ಯಾನ್ಸರ್ ಗಡ್ಡೆಯ ಕೋಶಗಳು ಸಕ್ಕರೆಯನ್ನು, ಅಂದ್ರೆ ಗ್ಲೂಕೋಸನ್ನು, ವಿಪರೀತ ನುಂಗುತ್ತವೆ. ಮುಂದೆ ವಿಜ್ಞಾನಿಗಳು ಗ್ಲೂಕೋಸಿಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದರು. ಅದೇ ಎಫ್‌ಡಿಜಿ. ಕೋಶ ಇದನ್ನು ಸಕ್ಕರೆ ಅಂದ್ಕೊಂಡು ಒಳಗೆ ಸೇರಿಸಿಕೊಳ್ಳುತ್ತೆ, ಆದ್ರೆ ಪೂರ್ತಿ ಅರಗಿಸೋಕಾಗಲ್ಲ, ಸುಲಭವಾಗಿ ಹೊರಗೂ ಬಿಡಲ್ಲ. ಬೆಳಗ್ಗೆ ಎಂಟಕ್ಕೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವರ ಹಾಗೆ. ಒಳಗೆ ಹೋದ್ರಿ, ಮುಗೀತು.

ತೊಂದರೆ ಏನಂದ್ರೆ, ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಷ್ಟರಲ್ಲಿ ಅರ್ಧ ಖಾಲಿ, ಇನ್ನೊಂದು 110 ನಿಮಿಷಕ್ಕೆ ಉಳಿದದ್ದರಲ್ಲಿ ಅರ್ಧ. 1976ರಲ್ಲಿ ಮೊದಲ ಸಲ ಮನುಷ್ಯರಿಗೆ ಎಫ್‌ಡಿಜಿ ಕೊಟ್ಟದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ತಯಾರಿಸಿದ್ದು ನ್ಯೂಯಾರ್ಕ್ ಹತ್ತಿರದ ಬ್ರೂಕ್‌ಹೇವನ್‌ನಲ್ಲಿ. ವಿಮಾನದಲ್ಲಿ ಸಾಗಿಸಬೇಕಾಯ್ತು! ಆಗ ನೋಡೋಕೆ ಹೊರಟಿದ್ದು ಮಿದುಳನ್ನು. ಕ್ಯಾನ್ಸರ್‌ಗೆ ಇದು ಮುಖ್ಯ ಪರೀಕ್ಷೆ ಆಗಿದ್ದು ಆಮೇಲೆ.

ಈಗ ಮುಂಬಯಿಗೆ ಬನ್ನಿ. ವಾಶಿಯಿಂದ ಖಾಡಿಯ ಆಚೆ ದಡಕ್ಕೆ ಕಾಣುವ ಟ್ರಾಂಬೆಯಲ್ಲಿ 1956ರಲ್ಲೇ ಅಪ್ಸರಾ ರಿಯಾಕ್ಟರ್ ಶುರುವಾಗಿತ್ತು. 1963ರಲ್ಲಿ ಪರೇಲ್‌ನಲ್ಲಿ ರೇಡಿಯೇಶನ್ ಮೆಡಿಸಿನ್ ಸೆಂಟರ್ ಹುಟ್ಟಿತು. ಆದ್ರೂ ದೇಶದ ಮೊದಲ ಪೆಟ್ ಸ್ಕ್ಯಾನರ್ ಅದೇ ಪರೇಲ್ ಸೆಂಟರ್‌ನಲ್ಲಿ ಕೆಲಸ ಶುರು ಮಾಡಿದ್ದು 2002ರಲ್ಲಿ. ಅಪ್ಸರಾದಿಂದ ಲೆಕ್ಕ ಹಾಕಿದ್ರೆ 46 ವರ್ಷ! ದುಡ್ಡು ಒಂದು ಕಾರಣ ಅನ್ನಿ. ಆದ್ರೆ ನನ್ನ ಪ್ರಕಾರ ದೊಡ್ಡ ಕಾರಣ ಈ 110 ನಿಮಿಷ. ಥೈರಾಯ್ಡ್‌ಗೆ ಕೊಡುವ ಅಯೋಡಿನ್-131 ರಿಯಾಕ್ಟರ್‌ನಲ್ಲಿ ತಯಾರಾಗುತ್ತೆ. ಅದರ ಅರ್ಧಾಯುಷ್ಯ ಎಂಟು ದಿನ, ದೇಶದ ಯಾವ ಮೂಲೆಗೂ ಕಳಿಸಬಹುದು. ಎಫ್‌ಡಿಜಿಗೆ ಸೈಕ್ಲೋಟ್ರಾನ್ ಬೇಕು, ಅದೂ ಆಸ್ಪತ್ರೆಗೆ ಹತ್ತಿರದಲ್ಲೇ. ಕೋಲ್ಕತ್ತದಲ್ಲಿ 1977ರಿಂದಲೇ ದೊಡ್ಡ ಸೈಕ್ಲೋಟ್ರಾನ್ ಇತ್ತು, ಆದ್ರೆ ಅದು ಭೌತಶಾಸ್ತ್ರದ ಸಂಶೋಧನೆಗೆ. ಅಲ್ಲಿಂದ ಪರೇಲ್‌ಗೆ ದಿನಾ ಎಫ್‌ಡಿಜಿ ತರಿಸೋ ಮಾತಂತೂ ದೂರ. ಕೊನೆಗೆ ಪರೇಲ್‌ನಲ್ಲೇ ಮೆಡಿಕಲ್ ಸೈಕ್ಲೋಟ್ರಾನ್ ಕೂರಿಸಿದರು. ಈಗ ಥಾಣೆ, ನವಿಮುಂಬಯಿ ಕಡೆಯೂ ಪೆಟ್-ಸಿಟಿ ಸೆಂಟರ್‌ಗಳಿವೆ. ಹೆಚ್ಚಿನವಕ್ಕೆ ಸ್ವಂತ ಸೈಕ್ಲೋಟ್ರಾನ್ ಇರಲ್ಲ, ಔಷಧಿ ಸೀಸದ ಡಬ್ಬಿಯಲ್ಲಿ ಗಾಡಿಯಲ್ಲಿ ಬರುತ್ತೆ.

ಈಗ ಸೆಂಟರ್‌ನವರು ಹೇಳಿದ್ದನ್ನ ಮತ್ತೆ ನೋಡಿ. ನೀವು ಒಂದು ಗಂಟೆ ಲೇಟಾದ್ರೆ ನಿಮ್ಮ ಹೆಸರಲ್ಲಿ ತರಿಸಿದ ಔಷಧಿಯ ಶಕ್ತಿ ಮೂರನೇ ಒಂದು ಪಾಲಿನಷ್ಟು ಇಳಿದಿರುತ್ತೆ. ಫ್ರಿಜ್‌ನಲ್ಲಿಟ್ಟು ನಾಳೆ ಕೊಡೋ ಸರಕಲ್ಲ ಅದು. ಆದ್ದರಿಂದ ಕಲ್ಯಾಣ್‌ನಿಂದ ಪರೇಲ್‌ಗೆ ಹೋಗೋರು ಎರಡು ಲೋಕಲ್ ಮುಂಚೆ ಹೊರಡಿ. ಸ್ಟೇಷನ್‌ನಲ್ಲಿ ಚಾ ಬೇಡ, ಬಾಯಿಗೆ ಪೆಪ್ಪರ್‌ಮಿಂಟ್ ಕೂಡ ಬೇಡ, ಬರೀ ನೀರು. ಸಕ್ಕರೆ ತಿಂದ್ರೆ ಇನ್ಸುಲಿನ್ ಏರಿ ಎಫ್‌ಡಿಜಿ ಸ್ನಾಯುಗಳಿಗೆ ನುಗ್ಗುತ್ತೆ, ಗಡ್ಡೆ ಮಂಕಾಗಿ ಕಾಣುತ್ತೆ. ಹಿಂದಿನ ದಿನ ಜಿಮ್, ಭಾರ ಎತ್ತೋದು ಬೇಡ ಅನ್ನೋದೂ ಸ್ನಾಯುಗಳ ಕಾರಣಕ್ಕೇ. ಇಂಜೆಕ್ಷನ್ ಆದ್ಮೇಲೆ ಸುಮಾರು ಒಂದು ಗಂಟೆ ಮಾತಿಲ್ಲದೆ, ಮೊಬೈಲ್ ಇಲ್ಲದೆ ಮಲಗಬೇಕು. ಚಳಿಯಾದ್ರೂ ಮೈಯಲ್ಲಿನ ಒಂದು ಬಗೆಯ ಕೊಬ್ಬು ಸಕ್ಕರೆ ಎಳೆದುಕೊಳ್ಳುತ್ತೆ, ಶಾಲು ಇರಲಿ.

ಡಯಾಬಿಟಿಸ್ ಇದ್ದವರು ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿ. ಸಕ್ಕರೆ 200ರ ಮೇಲಿದ್ರೆ ವಾಪಸ್ ಕಳಿಸೋದುಂಟು. ಇನ್ಸುಲಿನ್ ಯಾವಾಗ, ಮೆಟ್‌ಫಾರ್ಮಿನ್ ನಿಲ್ಲಿಸಬೇಕಾ ಅಂತ ಡಾಕ್ಟರನ್ನೇ ಕೇಳಿ, ನಾನು ಸಾಫ್ಟ್‌ವೇರ್‌ನವನು. ಬಸಿರಿರಬಹುದು ಅನ್ನೋ ಅನುಮಾನ ಇದ್ರೆ, ಮಗುವಿಗೆ ಹಾಲೂಡಿಸುತ್ತಿದ್ರೆ ಮೊದಲೇ ತಿಳಿಸಿ. ಸ್ಕ್ಯಾನ್ ಆದ್ಮೇಲೆ ನೀರು ಚೆನ್ನಾಗಿ ಕುಡಿದು ಮೂತ್ರಕ್ಕೆ ಹೋಗ್ತಾ ಇರಿ. ಕೆಲವು ಗಂಟೆ ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸ್ಕೋಬೇಡಿ, ಗರ್ಭಿಣಿಯರ ಪಕ್ಕದಲ್ಲಿ ಕೂರಬೇಡಿ. ಹೆದರಿಕೆ ಬೇಡ, ಹತ್ತು ಅರ್ಧಾಯುಷ್ಯ, ಅಂದ್ರೆ ಸುಮಾರು 18 ಗಂಟೆ ಕಳೆದ್ರೆ ಉಳಿಯೋದು ಸಾವಿರದಲ್ಲಿ ಒಂದು ಪಾಲು.

ಇನ್ನು ರಿಪೋರ್ಟ್. ಚಿತ್ರದಲ್ಲಿ ಮಿದುಳು, ಮೂತ್ರಕೋಶ ಕಪ್ಪಗೆ ಎದ್ದು ಕಾಣುತ್ತವೆ, ಎಲ್ಲರಿಗೂ ಹಾಗೇ. ಜನ ಅದನ್ನು ನೋಡಿ ಎದೆ ಒಡ್ಕೋತಾರೆ. ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ವಾರ್‌ಬರ್ಗ್ ಕಂಡ ಸಕ್ಕರೆಯ ಹಸಿವು ಕ್ಯಾನ್ಸರ್‌ಗೆ ಮಾತ್ರ ಇರೋದಲ್ಲ. ಸೋಂಕಿನ ಜೊತೆ ಹೋರಾಡುವ ಕೋಶಗಳೂ ಸಕ್ಕರೆ ನುಂಗುತ್ತವೆ. ಟಿಬಿ ಇರುವ ನಮ್ಮ ದೇಶದಲ್ಲಿ ಎದೆಯ ಗಂಟೊಂದು ಬೆಳಗಿದ ಮಾತ್ರಕ್ಕೆ ಕ್ಯಾನ್ಸರ್ ಹರಡಿದೆ ಅಂತ ತೀರ್ಮಾನ ಮಾಡೋಕಾಗಲ್ಲ. ಎಸ್‌ಯುವಿ ಅಂತ ಬರೆದಿರೋ ನಂಬರೂ ಅಂತಿಮ ಅಲ್ಲ. ಬಯಾಪ್ಸಿ ಬೇಕಾ ಅಂತ ಡಾಕ್ಟರನ್ನ ಧೈರ್ಯವಾಗಿ ಕೇಳಿ. ಹಿಂದೆ ಟಿಬಿ ಆಗಿದ್ರೆ, ಇತ್ತೀಚೆಗೆ ಆಪರೇಷನ್, ಕೀಮೋ, ರೇಡಿಯೇಶನ್ ಆಗಿದ್ರೆ ತಾರೀಕು ಸಮೇತ ಮುಂಚೆಯೇ ಹೇಳಿ, ಹಳೆಯ ಸ್ಕ್ಯಾನ್‌ನ ಸಿಡಿಯನ್ನೂ ರಿಪೋರ್ಟ್ ಜೊತೆಗೆ ತಗೊಂಡು ಹೋಗಿ.